ಟಿಬಿಪಿ ಪ್ರತಿಕಾಯ ಹಿಡಿಯುವುದು ಏನನ್ನು?

ಮಡಿಕೇರಿಯಿಂದ ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವ ಈ ಪುಟ್ಟ ಟ್ಯೂಬಿನಲ್ಲಿ, ಮನುಷ್ಯನ ಜೀವಕೋಶದಲ್ಲಿರುವ ಟಿಬಿಪಿ (ಟಾಟಾ ಬೈಂಡಿಂಗ್ ಪ್ರೋಟೀನ್) ಎಂಬ ಪ್ರೋಟೀನನ್ನು ಪತ್ತೆ ಹಚ್ಚುವ ಪ್ರತಿಕಾಯವಿದೆ. ಪ್ರತಿಕಾಯ (ಆಂಟಿಬಾಡಿ) ಎಂದರೆ ತನ್ನ ಗುರಿಯನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು. ಇದು ಸಂಶೋಧನೆಗೆ ಮಾತ್ರ ಮೀಸಲು. ಕಾಯಿಲೆ ಪತ್ತೆ ಮಾಡಲು ಬಳಸುವಂಥದ್ದಲ್ಲ. ದ್ರಾವಣದಲ್ಲಿ ಅರ್ಧದಷ್ಟು ಗ್ಲಿಸರಾಲ್ ಇರುವುದರಿಂದ ಮೈನಸ್ 20 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗಿದರೆ ಪ್ರತಿಕಾಯ ಹಾಳಾಗುತ್ತದೆ; ಆದ್ದರಿಂದ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಊರಿನಲ್ಲಿ ಇದೊಂದು ದೊಡ್ಡ ಸಮಾಧಾನ.

ವಿರಾಜಪೇಟೆಯಲ್ಲಿ ಬಿ.ಎಸ್ಸಿ. ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳು, "ಅಕ್ಕ, ಇದನ್ನೇ ನಮ್ಮ ತೋಟದ ರೊಬಸ್ಟಾ ಕಾಫಿ ಎಲೆಗೂ ಹಾಕಿ ನೋಡಬಹುದಾ?" ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಹೇಳಬೇಕಾದರೆ, ಪ್ರತಿಕಾಯವು ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎಗೆ ನಕಲು ಮಾಡುವ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನಿರ್ಧರಿಸುವ ಪ್ರೋಟೀನುಗಳಲ್ಲಿ ಟಿಬಿಪಿ ಒಂದು. ನಕಲು ಆರಂಭವಾಗುವ ಜಾಗಕ್ಕಿಂತ ಸುಮಾರು 25ರಿಂದ 30 ಅಕ್ಷರ ಹಿಂದೆ, ಕೆಲವು ವಂಶವಾಹಿಗಳಲ್ಲಿ, ಟಾಟಾ ಬಾಕ್ಸ್ ಎಂಬ ಗುರುತು ಇರುತ್ತದೆ. ಟಿಬಿಪಿ ಅದರ ಮೇಲೆ ಕುದುರೆಯ ಬೆನ್ನಿನ ಮೇಲಿನ ತಡಿಯಂತೆ ಕುಳಿತು ಡಿಎನ್‌ಎಯನ್ನು ಸುಮಾರು 80 ಡಿಗ್ರಿ ಬಾಗಿಸುತ್ತದೆ. 1993ರಲ್ಲಿ ಪ್ರಕಟವಾದ ಸ್ಫಟಿಕ ರಚನೆಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಪ್ರೋಟೀನು ಎಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಸರ; ಅದರ ತೂಕವನ್ನು ಕಿಲೊಡಾಲ್ಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ಮನುಷ್ಯನ ಟಿಬಿಪಿಯಲ್ಲಿ 339 ಅಮೈನೊ ಆಮ್ಲಗಳಿದ್ದು, ತೂಕ ಸುಮಾರು 38 ಕಿಲೊಡಾಲ್ಟನ್. ಡಿಎನ್‌ಎಯನ್ನು ಹಿಡಿಯುವ ಅದರ ಕೊನೆಯ ಭಾಗ, ಅಂದರೆ ಸುಮಾರು 180 ಅಮೈನೊ ಆಮ್ಲಗಳ ತಿರುಳು, ಯೀಸ್ಟಿನಿಂದ ಮನುಷ್ಯನವರೆಗೆ ಹೆಚ್ಚು ಬದಲಾಗದೆ ಉಳಿದಿದೆ. ಆರಂಭದ ಭಾಗ ಹಾಗಲ್ಲ. ಅಲ್ಲಿ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಒಂದರ ಹಿಂದೆ ಒಂದು ಸಾಲಾಗಿ ಬರುತ್ತದೆ, ಆ ಸಾಲಿನ ಉದ್ದ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ. ತೀರಾ ಉದ್ದವಾದರೆ ಎಸ್‌ಸಿಎ17 ಎಂಬ ನರರೋಗ ಬರುತ್ತದೆ.

ಈ ಗ್ಲುಟಮಿನ್ ಸಾಲಿಗೆ ಸಂಬಂಧಿಸಿದ ಒಂದು ಸಂಗತಿ ನನಗೆ ಬಹಳ ಇಷ್ಟ. 1ಸಿ2 ಎಂಬ ಪ್ರತಿಕಾಯವನ್ನು ತಯಾರಿಸಿದ್ದು ಮನುಷ್ಯನ ಟಿಬಿಪಿಯ ವಿರುದ್ಧ. ಆದರೆ ಅದು ಹಂಟಿಂಗ್ಟನ್ ಕಾಯಿಲೆಯಲ್ಲಿ ಉದ್ದವಾಗಿ ಬೆಳೆದ ಗ್ಲುಟಮಿನ್ ಸಾಲನ್ನೂ, ಕೆಲವು ಅಟಾಕ್ಸಿಯಾ (ದೇಹದ ಚಲನೆಯ ಹಿಡಿತ ತಪ್ಪುವ) ರೋಗಗಳ ಪ್ರೋಟೀನುಗಳನ್ನೂ ಹಿಡಿಯುತ್ತದೆ ಎಂದು 1995ರಲ್ಲಿ ಪ್ರಕಟವಾಯಿತು. ಟ್ಯೂಬಿನ ಮೇಲೆ ಟಿಬಿಪಿ ಎಂದು ಬರೆದಿದ್ದರೂ, ಪ್ರತಿಕಾಯಕ್ಕೆ ಇಡೀ ಪ್ರೋಟೀನಿನ ಪರಿಚಯವಿರುವುದಿಲ್ಲ. ಅದರ ಒಂದು ಚಿಕ್ಕ ತುಣುಕನ್ನು ಮಾತ್ರ ಅದು ಬಲ್ಲದು, ಅದೇ ತುಣುಕು ಬೇರೆಲ್ಲಿ ಸಿಕ್ಕರೂ ಅಲ್ಲಿಯೂ ಅಂಟಿಕೊಳ್ಳುತ್ತದೆ.

ಈಗ ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಇದು ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆ: ಕೋಶದ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಒಂದು ತೆಳು ಪೊರೆಗೆ ಇಳಿಸುತ್ತೇವೆ. ಬಿಳಿಯ ಪೊರೆಯ ಮೇಲೆ, ಪ್ರೋಟೀನಿಗೆ ಹಿಡಿಯುವ ಪೊನ್ಸೊ ಬಣ್ಣ ಹಾಕಿದಾಗ ಮೂಡಿರುವ ಈ ಗುಲಾಬಿ ಗೆರೆಗಳು, ಎಲ್ಲ ಪ್ರೋಟೀನುಗಳೂ ಪೊರೆಗೆ ಸರಿಯಾಗಿ ಇಳಿದಿವೆ ಎಂಬುದನ್ನು ಹೇಳುತ್ತವೆ. ಬಣ್ಣ ತೊಳೆದು, ಪ್ರತಿಕಾಯ ಸುರಿದು, ಹೊಳಪಿನ ರಾಸಾಯನಿಕ ಹಾಕಿ ಚಿತ್ರ ತೆಗೆದರೆ, ಕೋಶಕೇಂದ್ರದ ಸಾರವಿರುವ ಸಾಲಿನಲ್ಲಿ 38 ಕಿಲೊಡಾಲ್ಟನ್ ಆಸುಪಾಸಿನಲ್ಲಿ ಒಂದು ಪಟ್ಟಿ ಕಾಣಬೇಕು, ಪಕ್ಕದ ಕೋಶದ್ರವ್ಯದ ಸಾಲು ಬಹುತೇಕ ಖಾಲಿ ಇರಬೇಕು. ಸರಿಯಾದ ಜಾಗದಲ್ಲಿ ಪಟ್ಟಿ ಬಂದ ಮಾತ್ರಕ್ಕೆ ಅದು ಟಿಬಿಪಿಯೇ ಎಂದು ನಾನು ಒಪ್ಪುವುದಿಲ್ಲ. ವಂಶವಾಹಿಯನ್ನೇ ಕಿತ್ತುಹಾಕಿದ ಕೋಶಗಳಲ್ಲಿ ಪಟ್ಟಿ ಮಾಯವಾಗುತ್ತದೆಯೇ ಎಂದು ನೋಡುವುದೇ ಅತ್ಯುತ್ತಮ ಪರೀಕ್ಷೆ. ಆದರೆ ಟಿಬಿಪಿ ಇಲ್ಲದ ಇಲಿಯ ಭ್ರೂಣ ಆರಂಭದ ಹಂತದಲ್ಲೇ ಸಾಯುತ್ತದೆ, ಅಷ್ಟು ಅನಿವಾರ್ಯವಾದ ಪ್ರೋಟೀನ್ ಇದು. ಹಾಗಾಗಿ ಎಸ್ಐಆರ್‌ಎನ್‌ಎ (ಆಯ್ದ ಪ್ರೋಟೀನಿನ ತಯಾರಿಕೆಯನ್ನು ತಡೆಯುವ ಪುಟ್ಟ ಆರ್‌ಎನ್‌ಎ ತುಣುಕು) ಬಳಸಿ ಅದರ ಪ್ರಮಾಣವನ್ನು ತಗ್ಗಿಸಿ, ಪಟ್ಟಿಯೂ ಅದಕ್ಕೆ ತಕ್ಕಂತೆ ಮಸುಕಾಗುತ್ತದೆಯೇ ಎಂದು ನೋಡುತ್ತಾರೆ.

ಇನ್ನು ತಂಗಿಯ ಪ್ರಶ್ನೆಗೆ ಬರೋಣ. ಸಸ್ಯಗಳಲ್ಲೂ ಟಿಬಿಪಿ ಇದೆ. ಹೆಚ್ಚು ಅಧ್ಯಯನವಾಗಿರುವ ಅರಾಬಿಡಾಪ್ಸಿಸ್ ಗಿಡದಲ್ಲಿ ಅದು ಕೇವಲ 200 ಅಮೈನೊ ಆಮ್ಲಗಳ ಚಿಕ್ಕ ಪ್ರೋಟೀನು, ಮನುಷ್ಯನಲ್ಲಿರುವ ಉದ್ದನೆಯ ಆರಂಭದ ಭಾಗ ಅಲ್ಲಿಲ್ಲ. ನಮ್ಮ ಪ್ರತಿಕಾಯವನ್ನು ಆ ಆರಂಭದ ಭಾಗದ ವಿರುದ್ಧ ತಯಾರಿಸಿದ್ದರೆ ಕಾಫಿ ಎಲೆಯಲ್ಲಿ ಅದು ಟಿಬಿಪಿಯನ್ನು ಹಿಡಿಯುವ ಸಾಧ್ಯತೆ ಬಹಳ ಕಡಿಮೆ. ಬದಲಾಗದ ತಿರುಳಿನ ವಿರುದ್ಧ ತಯಾರಿಸಿದ್ದರೆ ಪ್ರಯತ್ನಿಸಿ ನೋಡಬಹುದು. ಆಗ ಪಟ್ಟಿಯನ್ನು ಹುಡುಕಬೇಕಾದದ್ದು 38ರ ಬಳಿಯಲ್ಲ, 22 ಕಿಲೊಡಾಲ್ಟನ್ ಆಸುಪಾಸಿನಲ್ಲಿ. ಕಾಫಿ ಎಲೆಯ ಸಾರ ತೆಗೆಯುವಾಗ ಎಲೆಯಲ್ಲಿರುವ ಪಾಲಿಫಿನಾಲುಗಳೆಂಬ ರಾಸಾಯನಿಕಗಳನ್ನು ಹೀರಿಕೊಳ್ಳಲು ಪಿವಿಪಿಪಿ ಎಂಬ ಪುಡಿ ಸೇರಿಸುವುದು ಒಳ್ಳೆಯದು, ಇಲ್ಲದಿದ್ದರೆ ಸಾರ ಕಂದು ಬಣ್ಣಕ್ಕೆ ತಿರುಗಿ ಪ್ರೋಟೀನು ಕೆಡುತ್ತದೆ. ಪೊನ್ಸೊ ಹಾಕಿದಾಗ 55 ಕಿಲೊಡಾಲ್ಟನ್ ಬಳಿ ದಪ್ಪನೆಯ ಗೆರೆ ಕಂಡರೆ ಗಾಬರಿ ಬೇಡ, ಅದು ಎಲೆಯಲ್ಲಿ ಹೇರಳವಾಗಿರುವ ರುಬಿಸ್ಕೊ ಎಂಬ ಪ್ರೋಟೀನು. ಟ್ಯೂಬಿನ ಜೊತೆ ಬರುವ ಮಾಹಿತಿ ಪತ್ರದಲ್ಲಿ ಇಮ್ಯುನೋಜೆನ್ (ಯಾವ ತುಣುಕಿನ ವಿರುದ್ಧ ಪ್ರತಿಕಾಯ ತಯಾರಿಸಿದ್ದಾರೋ ಅದು) ಎಂಬ ಸಾಲನ್ನು ಓದಿ, ಅಲ್ಲಿರುವ ಅಮೈನೊ ಆಮ್ಲಗಳ ಸಂಖ್ಯೆಯನ್ನು ಬರೆದು ಕಳುಹಿಸು ಎಂದು ಅವಳಿಗೆ ಹೇಳಿದ್ದೇನೆ.