ಕಿಂದರಿಜೋಗಿ ಊರಿಗೆ ಹೋಗ್ಬಂದ್ವಿ | ಇಲಿ ಕಚ್ಚೋಕ್ ಹೋಗಿ ಪುಟ್ಟಿ ಹಲ್ಲು ಬಿತ್ತು

ಎಲ್ಲರಿಗೂ ನಮಸ್ಕಾರ, ಇದು ಮನೆಗ್ ಬಂದ್ಮೇಲೆ ರೆಕಾರ್ಡ್ ಮಾಡ್ತಿರೋ ವಾಯ್ಸು, ಯಾಕಂದ್ರೆ ಅಲ್ಲಿ ಗಾಳಿ ಎಷ್ಟಿತ್ತಂದ್ರೆ ನಾನ್ ಮಾತಾಡಿದ್ದು ಒಂದಕ್ಷರಾನೂ ಕೇಳಿಸ್ತಿಲ್ಲ. ಈಗ ಕಾಣ್ತಿರೋದು ವೇಸರ್ ನದಿ. ಊರ ಹೆಸರು ಹಾಮೆಲ್ನ್, ಜರ್ಮನಿಲಿದೆ, ಹ್ಯಾನೋವರಿಂದ ಲೋಕಲ್ ಟ್ರೇನಲ್ಲಿ ಮುಕ್ಕಾಲು ಗಂಟೆ. ಹೆಸರು ಕೇಳಿದ್ರೆ ಏನೂ ಹೊಳೆಯಲ್ಲ ಅಲ್ವ, ಆದ್ರೆ ಕಥೆ ನಿಮ್ಗೆಲ್ಲ ಗೊತ್ತು. ನಮ್ ಬೊಮ್ಮನಹಳ್ಳಿ ಕಿಂದರಿಜೋಗಿ ಹೊರಟಿದ್ದು ಇಲ್ಲಿಂದಾನೇ. ಬ್ರೌನಿಂಗ್ ಅಂತ ಇಂಗ್ಲಿಷ್ ಕವಿ 1842ರಲ್ಲಿ ಈ ಊರಿನ ಕಥೆನ ಪದ್ಯ ಮಾಡಿದ್ರು, ಕುವೆಂಪು ಅದನ್ನ ತುಂಗಾ ತೀರಕ್ಕೆ ತಂದ್ರು, ಎಷ್ಟ್ ಚೆನ್ನಾಗ್ ತಂದ್ರು ಅಂದ್ರೆ ನಾನು ಹೈಸ್ಕೂಲ್ ಮುಗಿಯೋವರೆಗೂ ಇದು ಶಿವಮೊಗ್ಗ ಕಡೆ ಎಲ್ಲೋ ನಡೆದಿದ್ದು ಅಂತಾನೇ ನಂಬ್ಕೊಂಡಿದ್ದೆ.

ಇಲ್ಲಿ ನೆಲ ನೋಡಿ, ನೆಲ. ರಸ್ತೆ ಕಲ್ಲಲ್ಲೇ ಇಲಿ ಚಿತ್ರ ಕೂರಿಸಿದಾರೆ, ಅದನ್ನ ಹಿಡ್ಕೊಂಡು ನಡೀತಾ ಹೋದ್ರೆ ಹಳೇ ಊರೆಲ್ಲ ಒಂದ್ ರೌಂಡ್ ಆಗುತ್ತೆ, ಮ್ಯಾಪ್ ಬೇಕಾಗಲ್ಲ. ಅಂಗಡಿ ಬೋರ್ಡಲ್ಲಿ ಇಲಿ, ಕಿಟಕಿಲಿ ಇಲಿ, ಕಾಫಿ ಕಪ್ಪಲ್ಲಿ ಇಲಿ. ಮೊದಲ ಹತ್ತು ನಿಮಿಷ ನಂಗೆ ತುಂಬಾ ಇಷ್ಟ ಆಯ್ತು, ಆಮೇಲೆ ಸಾಕಪ್ಪ ಅನ್ನಿಸ್ತು, ಆಮೇಲೆ ಒಂದು ವಿಷಯ ಗೊತ್ತಾಗಿ ನಿಜವಾಗ್ಲೂ ಕೋಪಾನೇ ಬಂತು. ಅದನ್ನ ಹೇಳ್ತೀನಿ ಇರಿ, ಈ ಮನೆ ಬರ್ಲಿ.

ಹಾಂ ಇದೇ. ಇಲಿ ಹಿಡಿಯೋನ ಮನೆ ಅಂತಾರೆ, ಅವನೇನೂ ಇಲ್ಲಿ ವಾಸ ಇರ್ಲಿಲ್ಲ, ಇದನ್ನ ಕಟ್ಟಿದ್ದೇ 1602-03ರಲ್ಲಿ. ಮುಂದಿನ ಕೆತ್ತನೆ ಎಲ್ಲರೂ ಫೋಟೋ ತೆಗೀತಾರೆ, ಆದ್ರೆ ನೋಡ್ಬೇಕಾಗಿರೋದು ಪಕ್ಕದ ಗೋಡೆ. ಅಲ್ಲೊಂದು ಬರಹ ಇದೆ, ಹಳೇ ಜರ್ಮನ್ನು. ಅದ್ರ ಅರ್ಥ ಹೆಚ್ಚುಕಡಿಮೆ ಹೀಗೆ: 1284ನೇ ಇಸವಿ, ಸಂತ ಜಾನ್ ಮತ್ತೆ ಪಾಲ್ ದಿನ, ಜೂನ್ 26, ಬಣ್ಣಬಣ್ಣದ ಬಟ್ಟೆ ತೊಟ್ಟ ಒಬ್ಬ ಕೊಳಲಿನವನು ಹಾಮೆಲ್ನ್‌ನಲ್ಲಿ ಹುಟ್ಟಿದ 130 ಮಕ್ಕಳನ್ನ ಕರ್ಕೊಂಡು ಹೋದ, ಕೊಪ್ಪೆನ್ ಅನ್ನೋ ಜಾಗದ ಹತ್ರ ಅವರು ಕಾಣದೇ ಹೋದ್ರು. ಅಷ್ಟೇ. ಇಲಿ ಎಲ್ಲಿದೆ ಇದ್ರಲ್ಲಿ? ಒಂದೇ ಒಂದು ಇಲಿ ಇಲ್ಲ! ಕಥೆಗೆ ಇಲಿ ಸೇರ್ಕೊಂಡಿದ್ದು 1560ರ ಆಸುಪಾಸಲ್ಲಿ, ಅಂದ್ರೆ ಸುಮಾರು ಮುನ್ನೂರು ವರ್ಷ ಆದ್ಮೇಲೆ. ಅಲ್ಲೀವರ್ಗೂ ಬರೀ ಮಕ್ಕಳ ಕಥೆ ಇದು. ಇಲ್ಲಿನ ಮಾರ್ಕೆಟ್ ಚರ್ಚಲ್ಲಿ 1300ರ ಹೊತ್ತಲ್ಲಿ ಒಂದು ಬಣ್ಣದ ಗಾಜಿನ ಕಿಟಕಿ ಮಾಡ್ಸಿದ್ರಂತೆ, ಕೊಳಲಿನವನು, ಬಿಳಿ ಬಟ್ಟೆ ಹಾಕಿರೋ ಮಕ್ಕಳು, ಅದು 1660ರಲ್ಲಿ ಹೋಯ್ತು, ನೋಡಿದವರು ಬರೆದಿಟ್ಟಿದ್ದು ಮಾತ್ರ ಉಳಿದಿದೆ. ಇನ್ನೊಂದು ಕೇಳಿ, 1556ರಲ್ಲಿ ಊರಿಗೆ ಹೊಸ ಬಾಗಿಲು ಕಟ್ದಾಗ ಕಲ್ಲಲ್ಲಿ ಕೊರೆಸಿದಾರೆ, ಮಾಯಗಾರ 130 ಮಕ್ಕಳನ್ನ ಕರ್ಕೊಂಡ್ಹೋಗಿ 272 ವರ್ಷಕ್ಕೆ ಈ ಬಾಗಿಲು ಆಯ್ತು ಅಂತ. ನಮ್ಮಜ್ಜಿ ತಾತ ಹೋದ ವರ್ಷದಿಂದ ಎಲ್ಲಾನೂ ಲೆಕ್ಕ ಹಾಕ್ತಿದ್ರು, ತಾತ ಹೋಗಿ ಮೂರು ವರ್ಷಕ್ಕೆ ಬಾವಿ ತೆಗ್ಸಿದ್ದು, ಐದ್ ವರ್ಷಕ್ಕೆ ಚಿಕ್ಕಪ್ಪನ ಮದ್ವೆ ಅಂತ, ಥೇಟ್ ಹಂಗೇ ಒಂದು ಊರಿಗೆ ಊರೇ ಲೆಕ್ಕ ಇಟ್ಕೊಂಡಿದೆ. ಅಂಥ ಊರಲ್ಲಿ ಮಕ್ಕಳನ್ನ ಬಿಟ್ಟು ಎಲ್ಲಾ ಕಡೆ ಇಲಿ ಯಾಕೆ? ಇದೇ ನನ್ ಕೋಪ.

ಸರಿ, ಈಗ ಬೇಕರಿ.

ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ನಂಗಿನ್ನೂ ಸಮಾಧಾನ ಆಗಿಲ್ಲ. ಒಂದು ಅಂಗಡಿ ಕಿಟಕಿಲಿ ಸಾಲಾಗಿ ಬ್ರೆಡ್ ಇಲಿ ಇಟ್ಟಿದ್ರು, ಮೀಸೆ, ಬಾಲ, ಎಲ್ಲಾ ಇದೆ, ಬಂಗಾರದ ಬಣ್ಣ, ಮೇಲೆ ಮೊಟ್ಟೆ ಹಚ್ಚಿ ಬೇಯಿಸ್ದಂಗೆ ಮಿರಮಿರ ಅಂತಿದೆ. ಪುಟ್ಟಿ ಬೆಳಗ್ಗೆ ಎರಡು ಬಿಸ್ಕೆಟ್ ಬಿಟ್ರೆ ಏನೂ ತಿಂದಿರ್ಲಿಲ್ಲ. ಅಮ್ಮ ಬೇಕು ಅಂದ್ಳು. ಏಳು ಯೂರೋ. ಏಳು! ನಮ್ ದುಡ್ಡಲ್ಲಿ ಆರ್ನೂರರ ಮೇಲೆ, ಅಂಗೈ ಅಗಲದ ಒಂದು ಬನ್ನಿಗೆ. ಇವರು ಬೇಡ ಅಂದ್ರು, ನಾನು ಮಗು ಕೇಳ್ತಿದೆ ಕೊಡ್ಸಿ ಅಂದೆ, ಕವರಿಗೆ ಹಾಕಿ ಕೊಟ್ಟೋರು ಡಾಂಕೆ, ಅಂದ್ರೆ ಥ್ಯಾಂಕ್ಸ್, ಅಂದ್ರು, ಅಷ್ಟೇ, ಇದು ತಿನ್ನೋದಲ್ಲ ಅಂತ ಒಂದ್ ಮಾತು ಹೇಳ್ಲಿಲ್ಲ. ಹೊರಗೆ ಬಂದು ಬೆಂಚ್ ಮೇಲೆ ಕೂತು ಕಟ್ ಅಂತ ಕಚ್ಚಿದ್ಳು ನೋಡಿ, ಕಲ್ಲು ಕಚ್ಚಿದ ಸೌಂಡು, ಮುಂದಿನ ಹಲ್ಲು ಎರಡು ವಾರದಿಂದ ಅಲ್ಲಾಡ್ತಿತ್ತು, ಕಿತ್ಕೊಂಡು ಕೈಗೇ ಬಂತು. ರಕ್ತ, ಅಳು, ಬಿಳಿ ಜಾಕೆಟ್ ಪೂರ್ತಿ ಕೆಂಪು ಚುಕ್ಕಿ. ಇವರು ಕ್ಯಾಮೆರಾ ಬಿಟ್ಟು ಟಿಶ್ಯೂ ಹುಡುಕೋಕ್ ಓಡಿದ್ರು, ಅದಕ್ಕೇ ಇಲ್ಲಿ ಎರಡು ನಿಮಿಷ ಬರೀ ಬೆಂಚಿನ ಕಾಲು ಕಾಣ್ಸುತ್ತೆ. ಪಕ್ಕದಲ್ಲಿ ಕೂತಿದ್ದ ಒಬ್ರು ವಯಸ್ಸಾದ ಅಮ್ಮ ಎದ್ಬಂದು ನೀರಿನ ಬಾಟಲ್ ಕೊಟ್ರು, ಆಮೇಲೆ ಇಲಿನ ಗೋಡೆಗೆ ನೇತು ಹಾಕೋ ತರ ಕೈಯಲ್ಲಿ ತೋರ್ಸಿದ್ರು. ಆಗ ಗೊತ್ತಾಗಿದ್ದು, ಅದು ಶೋಗೆ ಇಡೋದು, ಗಟ್ಟಿ ಒಣಗ್ಸಿ ಮೇಲೆ ವಾರ್ನಿಶ್ ಹೊಡೆದಿರೋದು. ತಿನ್ನೋ ಅಂಗಡಿಲಿ ತಿನ್ನೋ ಪದಾರ್ಥದ ಪಕ್ಕ ತಿನ್ನಬಾರದ್ದನ್ನ ಇಟ್ರೆ ಒಂದು ಚೀಟಿ ಅಂಟಿಸ್ಬೇಕು, ಮಕ್ಕಳು ಬರೋ ಜಾಗ ಅದು. ದಯವಿಟ್ಟು ನೀವು ಹೋದ್ರೆ ಕೇಳಿ ತಗೊಳ್ಳಿ.

ಹಲ್ಲನ್ನ ಟಿಶ್ಯೂಲಿ ಸುತ್ತಿ ಇಟ್ಕೊಂಡಿದೀನಿ. ನಮ್ಮೂರಲ್ಲಾಗಿದ್ರೆ ಸಗಣೀಲಿಟ್ಟು ಹೆಂಚಿನ ಮೇಲೆ ಎಸೀಬೋದಿತ್ತು, ಇಲ್ಲಿ ಮೂರನೇ ಮಹಡಿ ಫ್ಲಾಟಲ್ಲಿ ಯಾವ ಹೆಂಚು, ಎಲ್ಲಿ ಸಗಣಿ. ಅಮ್ಮಂಗೆ ಫೋನ್ ಮಾಡಿದ್ರೆ ಜೋಪಾನವಾಗಿಡು, ಊರಿಗ್ ಬಂದಾಗ ಎಸೆಯೋಣ ಅಂದ್ರು. ಓ, ಶಾಟ್ ಬದಲಾಯ್ತು, ಬೀದಿಗೆ ಬರೋಣ.

ಆ ಮನೆ ಪಕ್ಕದಲ್ಲೇ ಇರೋ ಓಣಿ ಇದು. ಬುಂಗೆಲೋಸೆನ್ ಬೀದಿ, ಅಂದ್ರೆ ತಮಟೆ ಬಾರಿಸದ ಬೀದಿ. ಮಕ್ಕಳು ಇದೇ ದಾರೀಲಿ ಹೋದ್ರು ಅಂತ ನಂಬಿಕೆ, ಅದಕ್ಕೇ ಇಲ್ಲಿ ಹಾಡು, ವಾದ್ಯ, ಕುಣಿತ ಯಾವುದೂ ಇಲ್ಲ, ಮದ್ವೆ ಮೆರವಣಿಗೆ ಬಂದ್ರೂ ಈ ಬೀದಿಲಿ ಸಂಗೀತ ನಿಲ್ಲಿಸ್ತಾರೆ ಅಂತ ಹೇಳ್ತಾರೆ. ಈ ವಿಡಿಯೋಗೂ ಇಲ್ಲಿ ಮ್ಯೂಸಿಕ್ ಹಾಕ್ಬೇಡಿ ಅಂತ ಎಡಿಟ್ ಮಾಡೋವಾಗ ಇವರಿಗೆ ಹೇಳಿದೀನಿ, ಬರೀ ಹೆಜ್ಜೆ ಸದ್ದು. ಇಲಿ ಕಂಡು ಬಂದ ಕೋಪ ನಂಗೆ ಇಲ್ಲಿ ಇಳೀತು ನೋಡಿ. ಈ ಒಂದು ಬೀದಿ ಇಟ್ಕೊಂಡಿದಾರಲ್ಲ, ಇಲಿ ಇದ್ರೆ ಇರ್ಲಿ ಬಿಡಿ. ಅದೂ ಅಲ್ದೆ ಊರಿನ ಹಳೇ ಹೆಸರೇ ಕ್ವೆರ್ನ್ ಹಾಮೆಲ್ನ್, ಕ್ವೆರ್ನ್ ಅಂದ್ರೆ ಬೀಸೋಕಲ್ಲು. ಹಿಟ್ಟಿನ ಗಿರಣಿಗಳ ಊರಲ್ಲಿ ಇಲಿ ಇರದೇ ಇರುತ್ತಾ.

ಹಂಗಾದ್ರೆ ಆ ಮಕ್ಕಳು ಏನಾದ್ರು? ಪ್ಲೇಗ್ ಅಂತ ಕೆಲವರು ಹೇಳ್ತಾರೆ, ಅದು ನಂಗೆ ಒಪ್ಪಿಗೆ ಇಲ್ಲ, ಆ ಮಹಾಮಾರಿ ಈ ಕಡೆ ಬಂದಿದ್ದು 1348ರ ಮೇಲೆ, ಇಸವಿಗೇ ಹೊಂದಲ್ಲ. ಮಕ್ಕಳ ಧರ್ಮಯುದ್ಧ ಅಂತಾರೆ, ಜೆರುಸಲೇಮ್ ಗೆಲ್ತೀವಿ ಅಂತ ಮಕ್ಕಳು ಗುಂಪುಗುಂಪಾಗಿ ಹೊರಟಿದ್ದು, ಅದು 1212, ತುಂಬಾ ಮೊದಲಾಯ್ತು. ನಂಗೆ ಸರಿ ಅನ್ಸೋದು ವಲಸೆ ಕಥೆ. ಆಗ ಪೂರ್ವದ ಕಡೆ ಕಾಡು ಕಡಿದು ಹೊಸ ಹಳ್ಳಿ ಕಟ್ತಿದ್ರು, ಜನ ಸೇರ್ಸೋಕೆ ಏಜೆಂಟ್ ತರದವರು ಊರೂರಿಗೆ ಬಂದು ಭೂಮಿ ಕೊಡ್ತೀವಿ ಬನ್ನಿ ಅಂತಿದ್ರು. ಯುರ್ಗೆನ್ ಉಡೋಲ್ಫ್ ಅಂತ ಒಬ್ರು ಭಾಷಾಶಾಸ್ತ್ರದ ಪ್ರೊಫೆಸರ್, ಈ ಸುತ್ತಿನ ಊರ ಹೆಸರುಗಳು ಬರ್ಲಿನ್ನಿಂದ ಉತ್ತರದ ಪ್ರಿಗ್ನಿಟ್ಸ್, ಉಕರ್‌ಮಾರ್ಕ್ ಕಡೆ ಮತ್ತೆ ಕಾಣ್ಸುತ್ತೆ ಅಂತ ತೋರ್ಸಿದಾರೆ. ಹೋದೋರು ತಮ್ಮೂರ ಹೆಸರನ್ನ ಜೊತೆಗೇ ಒಯ್ದಿದಾರೆ. ಮಕ್ಕಳು ಅಂದ್ರೆ ಚಿಕ್ ಮಕ್ಕಳೇ ಆಗ್ಬೇಕಂತಿಲ್ಲ, ನಾವೂ ಊರ ಮಕ್ಕಳು, ನಾಡಿನ ಮಕ್ಕಳು ಅನ್ನಲ್ವ, ಹಂಗೆ ಇಪ್ಪತ್ತು ವರ್ಷದ ಹುಡುಗ ಹುಡುಗೀರೂ ಇರ್ಬೋದು. ಅಮ್ಮ ಮೊನ್ನೆ ಫೋನಲ್ಲಿ ಹೇಳ್ತಿದ್ರು, ನಮ್ ಬೀದಿಲಿ ಈಗ ಮಕ್ಕಳೇ ಇಲ್ಲ ಕಣೆ, ಎಲ್ಲಾ ಹೊರಟೋದ್ರು ಅಂತ. ಹೊರಟೋದ ಆ ಮಕ್ಕಳಿಗೆಲ್ಲ ನಲವತ್ತು ದಾಟಿದೆ, ನಾನೂ ಅದ್ರಲ್ಲೊಬ್ಳು.

ಅಯ್ಯೋ ಟೈಮಾಯ್ತು, 1:05. ಮದುವೆ ಮನೆ ಅಂತ ಕರೆಯೋ ಈ ದೊಡ್ಡ ಕಲ್ಲಿನ ಕಟ್ಟಡ, 1610ರಿಂದ 1617ರವರೆಗೆ ಕಟ್ಟಿದ್ದು, ಇದ್ರ ಗೋಡೇಲಿ ಬಾಗಿಲು ತೆಗ್ದು ಬೊಂಬೆ ಬರುತ್ತೆ, ದಿನಕ್ಕೆ ಮೂರು ಸಲ, 1:05, 3:35, 5:35. ಭಾನುವಾರ ಬಂದ್ರೆ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೂ ಊರಿನವರೇ ಆಡೋ ನಾಟಕ ಇರುತ್ತೆ, ಹನ್ನೆರಡು ಗಂಟೆಗೆ, ಫ್ರೀ, ನಾವು ಶನಿವಾರ ಬಂದ್ವಿ, ಅದು ತಪ್ಪೋಯ್ತು. ನೋಡಿ, ಮೊದಲು ಕೊಳಲಿನವನ ಹಿಂದೆ ಇಲಿ. ಪುಟ್ಟಿ ಇನ್ನೂ ಟಿಶ್ಯೂ ಬಾಯಿಗೊತ್ಕೊಂಡೇ ನಗ್ತಿದಾಳೆ. ಈಗ ಮಕ್ಕಳು. ಮುಚ್ತು ಬಾಗಿಲು.

ಜನ ಎಲ್ಲಾ ಹೊರಟ್ರು, ಇವಳು ಮಾತ್ರ ಹಂಗೇ ನಿಂತಿದಾಳೆ, ಹತ್ತು ನಿಮಿಷ. ಬಾ ಅಂದ್ರೆ, ತಾಳಮ್ಮ, ಅವರು ವಾಪಸ್ ಬರೋದ್ ನೋಡ್ಬೇಕು ಅಂತಾಳೆ.