ಅಂಕಿ ಎಲ್ಲಿಂದ ಬಂತು? ಸಂಖ್ಯಾಶಾಸ್ತ್ರದ ಓದು ಮತ್ತು ಉದ್ಯೋಗ

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಕೆಲಸ ಬಿಟ್ಟು ಬಂದಿರುವ ಪೋಷಕರೇ, ಬಿ.ಎಸ್ಸಿ.ಗೆ ಸೇರಿರುವ ಮತ್ತು ಸೇರಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿರುವ ವಿದ್ಯಾರ್ಥಿಗಳೇ,

ಇವತ್ತು ಜೂನ್ 29, ಪ್ರಶಾಂತಚಂದ್ರ ಮಹಲನೋಬಿಸ್ ಅವರು ಹುಟ್ಟಿದ ದಿನ. 2007ರಿಂದ ಇದನ್ನು ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಿದ್ದೇವೆ. 1931ರಲ್ಲಿ ಅವರು ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು, ನಾವೆಲ್ಲ ಐಎಸ್‌ಐ ಅನ್ನುವ ಸಂಸ್ಥೆಯನ್ನು, ಕಟ್ಟಿದರು. ಆದರೆ ನಿಮ್ಮ ತಲೆಯಲ್ಲಿರುವ ಪ್ರಶ್ನೆ ಬೇರೆ: ಇದನ್ನು ಓದಿದರೆ ಮುಂದೆ ಏನು ಕೆಲಸ? ಹೇಳುತ್ತೇನೆ. ಹುದ್ದೆಗಳ ಹೆಸರಿಗಿಂತ ಮೊದಲು ಆ ಕೆಲಸ ಎಂಥದ್ದು ಅನ್ನುವುದನ್ನು ತೋರಿಸುತ್ತೇನೆ. ಹುದ್ದೆಯ ಹೆಸರು ಕೇಳಿ ಕೋರ್ಸಿಗೆ ಸೇರಿ, ಎರಡನೇ ಸೆಮಿಸ್ಟರಿಗೇ ಬೇಸತ್ತು ಕೂತ ಮಕ್ಕಳನ್ನು ಬಹಳ ನೋಡಿದ್ದೇನೆ.

1947. ದೇಶ ವಿಭಜನೆಯಾಗಿ ದಿಲ್ಲಿಯಲ್ಲಿ ಗಲಭೆ ನಡೆದಿತ್ತು. ಪ್ರಾಣ ಉಳಿಸಿಕೊಳ್ಳಲು ಬಂದವರು ಕೆಂಪುಕೋಟೆಯೊಳಗೆ ಸೇರಿದ್ದರು. ಅವರಿಗೆ ಊಟದ ಸಾಮಾನು ಪೂರೈಸುವ ಗುತ್ತಿಗೆದಾರ ಸರ್ಕಾರಕ್ಕೆ ದೊಡ್ಡ ದೊಡ್ಡ ಬಿಲ್ಲು ಕಳಿಸುತ್ತಿದ್ದ. ಒಳಗೆ ಎಷ್ಟು ಜನ ಇದ್ದಾರೆಂದು ಯಾರಿಗೂ ಗೊತ್ತಿಲ್ಲ, ಒಳಗೆ ಹೋಗಿ ಎಣಿಸುವ ಪರಿಸ್ಥಿತಿಯೂ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞರನ್ನು ಕರೆದು ಕೇಳಿದರು. ಅವರ ಕೈಯಲ್ಲಿದ್ದದ್ದು ಬಿಲ್ಲುಗಳು ಮಾತ್ರ: ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಉಪ್ಪು ತಿನ್ನುತ್ತಾನೆ ಅನ್ನುವುದು ಹಿಂದಿನ ಸಮೀಕ್ಷೆಗಳಿಂದ ತಿಳಿದಿತ್ತು. ಭಾಗಿಸಿ ನೋಡಿದರೆ ಅಕ್ಕಿಯ ಲೆಕ್ಕದಲ್ಲಿ ಜನ ತೀರ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ. ಅವರು ಉಪ್ಪನ್ನು ನಂಬಿದರು. ಅಕ್ಕಿಗೆ ಬೆಲೆ ಇದೆ, ಬಿಲ್ಲಿನಲ್ಲಿ ಏರಿಸಿ ಬರೆದರೆ ಲಾಭ. ಅಗ್ಗದ ಉಪ್ಪಿನಲ್ಲಿ ಸುಳ್ಳು ಬರೆದು ಸಿಗುವುದೇನು? ಹುಮಾಯೂನ್ ಸಮಾಧಿಯ ಬಳಿ ಇದ್ದ ಇನ್ನೊಂದು ಸಣ್ಣ ಶಿಬಿರದಲ್ಲಿ ಇದೇ ಕ್ರಮವನ್ನು ಪರೀಕ್ಷಿಸಿದಾಗ ಅಂದಾಜು ಸರಿಹೊಂದಿತು. ಈ ಉಪಾಯ ಹೇಳಿದವರು ಜೆ.ಎಂ. ಸೇನ್‌ಗುಪ್ತ.

ಇಲ್ಲಿ ನಡೆದ ಲೆಕ್ಕ ಬರೀ ಒಂದು ಭಾಗಾಕಾರ. ಯಾವ ಅಂಕಿಯನ್ನು ಯಾರು, ಯಾಕೆ, ಹೇಗೆ ಬರೆದರು ಎಂದು ಯೋಚಿಸಿದ್ದೇ ನಿಜವಾದ ಕೆಲಸ. ಸಂಖ್ಯಾಶಾಸ್ತ್ರ ಓದಿದವರಿಗೆ ಸಂಬಳ ಕೊಡುವುದು ಇದಕ್ಕೆ. ಸರಾಸರಿ ತೆಗೆಯಲು ಈಗ ಮೊಬೈಲ್ ಸಾಕು.

ದಿಲ್ಲಿ ದೂರವಾಯಿತು ಅನ್ನಿಸಿದರೆ ನಮ್ಮ ಜಿಲ್ಲೆಯ ಹೊಲಕ್ಕೇ ಬರೋಣ. ಪೋಷಕರಲ್ಲಿ ಅರ್ಧಕ್ಕರ್ಧ ಜನ ಮೆಕ್ಕೆಜೋಳ ಬೆಳೆಯುವವರು, ಬೆಳೆ ವಿಮೆ ಕಟ್ಟಿದವರು. ಪರಿಹಾರ ಬರುತ್ತದೋ ಇಲ್ಲವೋ ಎಂಬುದು ಬೆಳೆ ಕಟಾವು ಪ್ರಯೋಗದ ಮೇಲೆ ನಿಂತಿದೆ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ 4 ಪ್ರಯೋಗ ಮಾಡಬೇಕೆನ್ನುವುದು ವಿಮಾ ಯೋಜನೆಯ ನಿಯಮ. ಹೊಲವನ್ನೂ, ಅದರೊಳಗಿನ ಜಾಗವನ್ನೂ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿ, ಅಳತೆ ಮಾಡಿ, ಹಗ್ಗ ಕಟ್ಟಿ, ಅದರೊಳಗಿನ ಬೆಳೆಯನ್ನು ಮಾತ್ರ ಕೊಯ್ದು ತೂಗುತ್ತಾರೆ.

ಬೆಳೆಗೆ ತಕ್ಕಂತೆ ಅಳತೆ ಬದಲಾಗುತ್ತದೆ. ಲೆಕ್ಕಕ್ಕೆ 5 ಮೀಟರ್ ಉದ್ದ, 5 ಮೀಟರ್ ಅಗಲ ಎಂದಿಟ್ಟುಕೊಳ್ಳೋಣ. ಇದು ಹೆಕ್ಟೇರಿನ 400ರಲ್ಲಿ ಒಂದು ಭಾಗ. 10 ಕಿಲೋ ಕಾಳು ಬಂದರೆ ಹೆಕ್ಟೇರಿಗೆ 40 ಕ್ವಿಂಟಲ್, ಎಕರೆಗೆ ಸುಮಾರು 16. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್ ಬಿಟ್ಟು ಬಿತ್ತಿದ್ದರೆ 5 ಮೀಟರಿನಲ್ಲಿ 8 ಸಾಲು ಕೂರುತ್ತವೆ. ಈಗ ಹಗ್ಗದ ಮೇಲೇ ನಿಂತ ಒಂದು ಸಾಲು ಇದೆ. ಅದು ಒಳಗೋ ಹೊರಗೋ? ಕೊಯ್ಯುವವರ ಕೈ ಸಹಜವಾಗಿ ಅದನ್ನೂ ಸೇರಿಸಿಕೊಳ್ಳುತ್ತದೆ. 8ರ ಬದಲು 9 ಸಾಲು ಬಂದರೆ 10 ಕಿಲೋ ಇದ್ದದ್ದು 11 ಕಿಲೋ 250 ಗ್ರಾಂ ಆಗುತ್ತದೆ. ಕಾಗದದ ಮೇಲೆ ಎಕರೆಗೆ 2 ಕ್ವಿಂಟಲ್ ಹೆಚ್ಚು ಬೆಳೆದ ಹಾಗಾಯಿತು. ಇಳುವರಿ ಕಡಿಮೆಯಾಗಿಲ್ಲ ಎಂದು ಇಡೀ ಪಂಚಾಯಿತಿಗೆ ಪರಿಹಾರ ತಪ್ಪಲು ಇಷ್ಟೇ ಸಾಕಾಗಬಹುದು. ತುಂಡು ಇನ್ನೂ ಸಣ್ಣದಾಗಿ ಎರಡೇ ಸಾಲು ಹಿಡಿಯುವಂತಿದ್ದರೆ, ಒಂದು ಸಾಲು ಜಾಸ್ತಿಯಾದರೂ ಇಳುವರಿ ಒಂದೂವರೆ ಪಟ್ಟು ಕಾಣುತ್ತದೆ.

1940ರ ದಶಕದಲ್ಲಿ ಈ ಹಗ್ಗದ ಅಂಚಿನ ಬಗ್ಗೆ ನಮ್ಮ ದೇಶದ ಇಬ್ಬರು ಘಟಾನುಘಟಿಗಳು ವಾದಿಸಿದರು. ಸಣ್ಣ ತುಂಡುಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆಂದು ಪಿ.ವಿ. ಸುಖಾತ್ಮೆ 1946ರಲ್ಲಿ ಬರೆದರು. ಚೆನ್ನಾಗಿ ತರಬೇತಿ ಪಡೆದ ಸಿಬ್ಬಂದಿ ಇದ್ದರೆ ಸಣ್ಣ ತುಂಡಿನಿಂದಲೂ ಕೆಲಸ ನಡೆಯುತ್ತದೆ ಎಂಬುದು ಮಹಲನೋಬಿಸ್ ಅವರ ನಿಲುವು. ಸುಖಾತ್ಮೆಯವರ ಎಚ್ಚರಿಕೆಯೇ ನನಗೆ ಸರಿ ಕಾಣುತ್ತದೆ. ಬಿಸಿಲಿನಲ್ಲಿ, ಹತ್ತಾರು ಬೇರೆ ಕೆಲಸಗಳ ನಡುವೆ ಹೊಲಕ್ಕೆ ಬಂದ ಸಿಬ್ಬಂದಿಯ ಕೈಯಲ್ಲೂ ಸರಿಯಾಗಿ ನಡೆಯುವ ವಿಧಾನ ನಮಗೆ ಬೇಕು. ಅಂದಾಜು ಹೀಗೆ ಒಂದೇ ಕಡೆಗೆ ವಾಲುವುದಕ್ಕೆ 'ಪಕ್ಷಪಾತ' ಎನ್ನುತ್ತೇವೆ, ಪಠ್ಯದಲ್ಲಿ ಅದಕ್ಕೆ ಎರಡು ಸಾಲಿನ ವ್ಯಾಖ್ಯೆ ಇದೆ. ಅದನ್ನು ಉರು ಹೊಡೆದು ಎರಡು ಅಂಕ ಪಡೆಯುತ್ತೀರಿ. ಹೊಲದಲ್ಲಿ ಅದು ಒಂದು ಸಾಲು ಮೆಕ್ಕೆಜೋಳ.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ. ಸಿ.ಆರ್. ರಾವ್ ಹುಟ್ಟಿದ್ದು ಇಲ್ಲೇ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಓದಿದ್ದು ಬೆಳೆದದ್ದು ಆಂಧ್ರದ ಊರುಗಳಲ್ಲಿ. ಗಣಿತದ ಎಂ.ಎ. ಮುಗಿಸಿ, ಯುದ್ಧದ ಕಾಲದಲ್ಲಿ ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದರು. ಆ ಕೆಲಸ ಸಿಗಲಿಲ್ಲ. ಅಲ್ಲಿ ಐಎಸ್‌ಐ ವಿಷಯ ಕಿವಿಗೆ ಬಿತ್ತು, 1941ರಲ್ಲಿ ಸೇರಿದರು. 1944ರಲ್ಲಿ ಅವರು ಅಂದಾಜಿನ ನಿಖರತೆಯ ಬಗ್ಗೆ ಪಾಠ ಮಾಡುತ್ತಿದ್ದಾಗ ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಎದ್ದು ನಿಂತು, 'ಈ ಫಲಿತಾಂಶ ದೊಡ್ಡ ಮಾದರಿಗೆ ಸರಿ, ಸಣ್ಣ ಮಾದರಿಗೂ ಇಂಥದ್ದನ್ನು ಸಾಧಿಸಲು ಬರುತ್ತದೆಯೇ?' ಎಂದು ಕೇಳಿದರು. ರಾವ್ ಮನೆಗೆ ಹೋಗಿ ಆ ರಾತ್ರಿಯೇ ಸಾಧಿಸಿದರು. 1945ರಲ್ಲಿ ಪ್ರಕಟವಾದ ಆ ಲೇಖನದಲ್ಲಿರುವುದೇ ನೀವು ಮುಂದೆ ಓದುವ, ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಹುದು ಎಂಬ ಮಿತಿಯನ್ನು ಹೇಳುವ ಕ್ರಾಮರ್–ರಾವ್ ಅಸಮತೆ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅದೇ ಲೇಖನವೂ ಸೇರಿದ ಸಾಧನೆಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಆ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ದಾಂಡೇಕರ್ ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದರು. ಕ್ಲಾಸಿನಲ್ಲಿ ಎದ್ದು ಕೇಳುವ ಧೈರ್ಯ ನಿಮಗೂ ಬರಲಿ ಎಂಬುದು ಅಧ್ಯಾಪಕನಾಗಿ ನನ್ನ ದೊಡ್ಡ ಆಸೆ.

ಈಗ ಕೆಲಸದ ಮಾತು. ಸರ್ಕಾರದ ಕಡೆ ಮೊದಲು ಬರುವುದು ಭಾರತೀಯ ಸಾಂಖ್ಯಿಕ ಸೇವೆ. 1961ರಲ್ಲಿ ಶುರುವಾದದ್ದು, ಪರೀಕ್ಷೆ ನಡೆಸುವುದು ಯುಪಿಎಸ್‌ಸಿ. ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಸಾಕು, ಎಂ.ಎಸ್ಸಿ. ಆಗಲೇಬೇಕೆಂದಿಲ್ಲ. ಆದರೆ ತಲಾ 200 ಅಂಕಗಳ ನಾಲ್ಕು ಪತ್ರಿಕೆಗಳ ಮಟ್ಟ ಎಂ.ಎಸ್ಸಿ.ಯದೇ, ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಹುದ್ದೆಗಳು ಕಡಿಮೆ. ನಮ್ಮ ಮಕ್ಕಳು ಇದರ ಹೆಸರನ್ನೇ ಕೇಳಿರುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ, ಅಂದರೆ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್ ಹುದ್ದೆ ಇದೆ. ಅದಕ್ಕೆ ಬಿ.ಎಸ್ಸಿ. ಸಾಕು, ಬಹಳ ಮಂದಿಗೆ ಕೈಗೆಟಕುವ ದಾರಿ ಅದು. ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ. ರಿಸರ್ವ್ ಬ್ಯಾಂಕಿನ ಸಂಖ್ಯಾಶಾಸ್ತ್ರ ವಿಭಾಗದ ಅಧಿಕಾರಿ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ.

ಖಾಸಗಿ ಕಡೆ ಔಷಧ ಪರೀಕ್ಷೆಗಳ ಕ್ಷೇತ್ರವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಳ್ಳಿಯಿಂದ ಬಂದವರಿಗೆ ಇದು ಗೊತ್ತೇ ಇರುವುದಿಲ್ಲ. ಹೊಸ ಔಷಧವನ್ನು ಎಷ್ಟು ರೋಗಿಗಳ ಮೇಲೆ ಪರೀಕ್ಷಿಸಬೇಕು, ಯಾರಿಗೆ ಹೊಸದು ಯಾರಿಗೆ ಹಳೆಯದು, ಫಲಿತಾಂಶವನ್ನು ಯಾವ ವಿಧಾನದಿಂದ ವಿಶ್ಲೇಷಿಸಬೇಕು ಎಂಬುದನ್ನೆಲ್ಲ ಅಂಕಿಅಂಶ ತೆರೆದು ನೋಡುವ ಮೊದಲೇ ಬರೆದಿಡಬೇಕು. ಬರೆಯುವವರು ಸಂಖ್ಯಾಶಾಸ್ತ್ರಜ್ಞರು. ಬೆಂಗಳೂರಿನಲ್ಲಿ ಈ ಕೆಲಸ ಸಾಕಷ್ಟಿದೆ, ನಿಮ್ಹಾನ್ಸ್‌ನಲ್ಲಿ ಜೈವಿಕ ಸಂಖ್ಯಾಶಾಸ್ತ್ರಕ್ಕೆಂದೇ ಒಂದು ವಿಭಾಗವಿದೆ. ವಿಮಾ ಕಂಪನಿಗಳಲ್ಲಿ ಆಕ್ಚುಯರಿ, ಅಂದರೆ ಅಪಾಯದ ಲೆಕ್ಕ ಹಾಕಿ ಕಂತು ನಿಗದಿ ಮಾಡುವವರು, ಆಗಲು ಪಿಯುಸಿ ಮುಗಿಸಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲಿನ ಪರೀಕ್ಷೆಗಳು ವರ್ಷಗಟ್ಟಲೆ ಹಿಡಿಯುತ್ತವೆ, ತಾಳ್ಮೆ ಇದ್ದವರಿಗೆ ಮಾತ್ರ.

ಡೇಟಾ ಸೈನ್ಸ್ ಬಗ್ಗೆ ಪೋಷಕರು ಕೇಳುತ್ತಲೇ ಇರುತ್ತಾರೆ. ಕೆಲಸಗಳಿರುವುದು ನಿಜ. ಆದರೆ ಆರು ತಿಂಗಳ ಕೋರ್ಸಿಗೆ ಸಾಲ ಮಾಡಿ ದುಡ್ಡು ಸುರಿಯಬೇಡಿ, ದಯವಿಟ್ಟು. ಅಲ್ಲಿ ಕಲಿಸುವ ಸಾಫ್ಟ್‌ವೇರ್‌ಗಳಲ್ಲಿ ಆರ್ ಮತ್ತು ಪೈಥಾನ್ ಎರಡೂ ಉಚಿತ, ಕಾಲೇಜಿನ ಲ್ಯಾಬಿನಲ್ಲೇ ಕಲಿಯಬಹುದು. ಸಂಭವನೀಯತೆ, ಮಾದರಿ ಸಮೀಕ್ಷೆ, ಪ್ರಯೋಗ ವಿನ್ಯಾಸ, ಈ ಮೂರು ಪತ್ರಿಕೆ ಗಟ್ಟಿಯಾಗಿದ್ದವರು ಸಾಫ್ಟ್‌ವೇರ್ ಬದಲಾದರೂ ನಿಲ್ಲುತ್ತಾರೆ.

ಇನ್ನು ಓದಿನ ವಿಷಯ. ಪದವಿಯಲ್ಲಿ ಸಂಖ್ಯಾಶಾಸ್ತ್ರದ ಜೊತೆಗೆ ಗಣಿತ ಇಟ್ಟುಕೊಳ್ಳಿ. ಎಂ.ಎಸ್ಸಿ. ಸೀಟಿಗೂ ಅದು ಬೇಕಾಗುತ್ತದೆ, ವಿಷಯ ಅರ್ಥವಾಗಲೂ ಬೇಕು. ಧಾರವಾಡ, ಮೈಸೂರು, ಬೆಂಗಳೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಇದೆ. ಎಂ.ಎಸ್ಸಿ.ಗೆ ಐಐಟಿಗೆ ಹೋಗಬೇಕಾದರೆ ಅದರ ಪ್ರವೇಶಕ್ಕೆ ನಡೆಯುವ ಜಾಮ್ ಪರೀಕ್ಷೆಯಲ್ಲಿ ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್ ಪತ್ರಿಕೆ ಬರೆಯಿರಿ. ಪಿಯುಸಿ ಓದುತ್ತಿರುವ ತಮ್ಮ ತಂಗಿಯರಿದ್ದರೆ ಐಎಸ್‌ಐ ಪ್ರವೇಶ ಪರೀಕ್ಷೆಯ ಬಗ್ಗೆ ಹೇಳಿ. ವಿದ್ಯಾರ್ಥಿವೇತನ ಕೊಟ್ಟು ಓದಿಸುವ ಪದ್ಧತಿ ಅಲ್ಲಿದೆ. ಕನ್ನಡ ಮಾಧ್ಯಮದವರು ಮೊದಲ ವರ್ಷ ಇಂಗ್ಲಿಷ್ ಪದಗಳಿಗೆ ಹೆದರುವುದು ಸಹಜ. ಪ್ರಮೇಯವನ್ನು ಕನ್ನಡದಲ್ಲಿ ಪಕ್ಕದವರಿಗೆ ವಿವರಿಸಿ ನೋಡಿ. ವಿವರಿಸಲು ಬಂತೆಂದರೆ ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು ಅಷ್ಟೇ.

ಒಂದು ಕೆಲಸ ಈ ವರ್ಷವೇ ಮಾಡಬಹುದು. ಮುಂಗಾರಿನ ಮೆಕ್ಕೆಜೋಳ ಅಕ್ಟೋಬರ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ಎಂದು, ಯಾರ ಹೊಲದಲ್ಲಿ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ ತಿಳಿದುಕೊಳ್ಳಿ. ಆ ರೈತರ ಒಪ್ಪಿಗೆ ಪಡೆದು ಹೋಗಿ ನಿಂತು ನೋಡಿ. ಜಾಗವನ್ನು ಹೇಗೆ ಆರಿಸಿದರು, ಹಗ್ಗ ಎಲ್ಲಿ ಬಿತ್ತು, ಅಂಚಿನ ಸಾಲನ್ನು ಏನು ಮಾಡಿದರು, ತೂಕದ ಹೊತ್ತಿಗೆ ಕಾಳು ಎಷ್ಟು ಹಸಿಯಿತ್ತು, ಎಲ್ಲವನ್ನೂ ಬರೆದುಕೊಳ್ಳಿ. ದಸರಾ ರಜೆ ಕಳೆದು ಬಂದಾಗ ಪ್ರಾಯೋಗಿಕ ತರಗತಿಯಲ್ಲಿ ಪಠ್ಯದ ಲೆಕ್ಕಗಳನ್ನು ಬದಿಗಿಟ್ಟು ನೀವು ತಂದ ಟಿಪ್ಪಣಿಗಳ ಮೇಲೆಯೇ ಕೆಲಸ ಮಾಡೋಣ ಎಂದು ನಿಮ್ಮ ಅಧ್ಯಾಪಕರು ಒಪ್ಪಿದ್ದಾರೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ, ಹಿಂದಿನ ಸಾಲಿನಿಂದಲೇ ಶುರುವಾಗಲಿ.