ಗಲ್ಫ್ ಶಾಲೆ ಬಿಡುವಾಗ: ದುಡ್ಡು ಮೊದಲು, ಸಹಿ ಆಮೇಲೆ

ಕೇಳುಗರಿಗೆ ನಮಸ್ಕಾರ.

ದುಬೈ, ಶಾರ್ಜಾ, ಅಬುಧಾಬಿಯ ಭಾರತೀಯ ಶಾಲೆಗಳಲ್ಲಿ ಪಾಠ ಮಾಡುವ ನಮ್ಮ ಮಂಗಳೂರು, ಉಡುಪಿ ಕಡೆಯ ಟೀಚರುಗಳು ಕಡಿಮೆ ಏನಿಲ್ಲ. ಅಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ, ಮುಗಿಯುವುದು ಮಾರ್ಚ್‌ನಲ್ಲಿ. ಊರಿಗೆ ವಾಪಸ್ ಬರಬೇಕು ಅಂದುಕೊಂಡವರು ಡಿಸೆಂಬರ್, ಜನವರಿ ಹೊತ್ತಿಗೇ ರಾಜೀನಾಮೆ ಬರೆಯುತ್ತಾರೆ. ಆಮೇಲೆ ಟಿಕೆಟ್ಟು, ಕಾರ್ಗೋ, ಇಲ್ಲಿ ಮಕ್ಕಳ ಅಡ್ಮಿಷನ್ನು ಅಂತ ಓಡಾಡುತ್ತಾ, ಕೊನೆಯ ವಾರದಲ್ಲಿ ಆಫೀಸಿನವರು ಮುಂದಿಟ್ಟ ಕಾಗದಕ್ಕೆಲ್ಲ ಕಣ್ಣುಮುಚ್ಚಿ ಸಹಿ ಹಾಕಿಬಿಡುತ್ತಾರೆ. ನಾನು ಇವತ್ತು ಮಾತಾಡುವುದು ಆ ಸಹಿಯ ಬಗ್ಗೆ.

ವೀಸಾ ಅಥವಾ ಲೇಬರ್ ಕಾರ್ಡ್, ಅಂದರೆ ಅಲ್ಲಿ ಕೆಲಸ ಮಾಡುವ ಪರವಾನಗಿ, ಕ್ಯಾನ್ಸಲ್ ಮಾಡುವ ಕಾಗದದಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ನನಗೆ ಬರಬೇಕಾದ ಬಾಕಿ ಎಲ್ಲ ಬಂದಿದೆ ಅಂತ. ದುಡ್ಡು ಇನ್ನೂ ಬಂದಿರುವುದಿಲ್ಲ, ಸಹಿ ಮಾತ್ರ ಬಿದ್ದಿರುತ್ತದೆ. ಆಮೇಲೆ ಕೇಳಲು ಹೋದರೆ ನಿಮ್ಮ ಸಹಿಯನ್ನೇ ನಿಮಗೆ ತೋರಿಸುತ್ತಾರೆ. ಹಾಗಾಗಿ ಲೆಕ್ಕದ ಹಾಳೆ ಮೊದಲು ಕೈಗೆ ಬರಲಿ, ಅದನ್ನು ಕೂತು ಕೂಡಿಸಿ ನೋಡಿ, ಸಾಧ್ಯವಾದರೆ ದುಡ್ಡು ಬ್ಯಾಂಕಿಗೆ ಬೀಳುವವರೆಗೆ ಕಾಯಿರಿ. ಸಹಿ ಹಾಕಲೇಬೇಕಾಗಿ ಬಂದರೆ, ಇಷ್ಟು ಬಾಕಿ ಇದೆ ಅಂತ ಅದರಲ್ಲೇ ಬರೆದು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿ ಕೊಡಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ, ನೀವೇನೂ ಉಪಕಾರ ಕೇಳುತ್ತಿಲ್ಲ.

ಈಗ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ ಲೆಕ್ಕಕ್ಕೆ ಬರೋಣ, ಜಾಸ್ತಿ ಗೊಂದಲ ಇರುವುದೇ ಇಲ್ಲಿ. ಯುಎಇಯ ಖಾಸಗಿ ಶಾಲೆಗಳಿಗೆ ಅನ್ವಯಿಸುವ ಕಾರ್ಮಿಕ ಕಾನೂನು 2022ರ ಫೆಬ್ರವರಿ 2ರಿಂದ ಹೊಸದು. ಒಂದು ವರ್ಷ ಪೂರ್ತಿ ಕೆಲಸ ಮಾಡಿದವರಿಗೆ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್ ಸಂಬಳ ಸಿಗಬೇಕು. ಬೇಸಿಕ್ ಅನ್ನುವುದನ್ನು ಮರೆಯಬೇಡಿ. ಒಟ್ಟು ಸಂಬಳ ಐದು ಸಾವಿರ ದಿರ್ಹಮ್, ಅದರಲ್ಲಿ ಬೇಸಿಕ್ ಎರಡೂವರೆ ಸಾವಿರ, ಉಳಿದದ್ದು ಮನೆ ಬಾಡಿಗೆ, ಓಡಾಟದ ಭತ್ಯೆ ಅಂತಿಟ್ಟುಕೊಳ್ಳಿ. ಏಳು ವರ್ಷ ಪಾಠ ಮಾಡಿದ ಟೀಚರಿಗೆ ಮೊದಲ ಐದು ವರ್ಷದ 105 ದಿನಕ್ಕೆ 8,750, ಮುಂದಿನ ಎರಡು ವರ್ಷದ 60 ದಿನಕ್ಕೆ 5,000, ಒಟ್ಟು 13,750 ದಿರ್ಹಮ್. ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕಿ 27,500 ಬರುತ್ತೆ ಅಂತ ಕಾದವರಿಗೆ ನಿರಾಸೆ ಖಂಡಿತ. ಆದರೆ ನಿಮ್ಮ ಬೇಸಿಕ್ ಎಷ್ಟು ಅನ್ನುವುದಕ್ಕೆ ಶಾಲೆಯವರ ಬಾಯಿಮಾತು ಸಾಲದು. ಅಲ್ಲಿನ ಕಾರ್ಮಿಕ ಸಚಿವಾಲಯದಲ್ಲಿ ನೋಂದಾಯಿಸಿದ ಕರಾರು ಪತ್ರ ತೆಗೆಸಿ ನೋಡಿ.

ಸ್ಟಾಫ್ ರೂಮಿನಲ್ಲಿ ಹಳಬರು ಇನ್ನೂ ಒಂದು ಮಾತು ಹೇಳುತ್ತಿರುತ್ತಾರೆ. ನೀನಾಗಿ ರಾಜೀನಾಮೆ ಕೊಟ್ಟರೆ ಮೂರನೇ ಒಂದು ಭಾಗ ಮಾತ್ರ ಸಿಗುತ್ತೆ ಅಂತ. ಅದು 1980ರ ಕಾನೂನಿನ ಕಾಲದ್ದು, ಈಗ ಹಾಗಿಲ್ಲ. ನೀವಾಗಿ ಬಿಟ್ಟರೂ ಪೂರ್ತಿ ಸಿಗಬೇಕು.

ಇನ್ನೊಂದು. ಗಂಡನ ವೀಸಾದಲ್ಲಿದ್ದುಕೊಂಡು, ಶಾಲೆಯಿಂದ ಲೇಬರ್ ಕಾರ್ಡ್ ಮಾತ್ರ ಮಾಡಿಸಿಕೊಂಡ ನಮ್ಮ ಅಕ್ಕಂದಿರು ತುಂಬಾ ಜನ. ‘ನಾನು ಇವರ ವೀಸಾದಲ್ಲಿ ಇರೋಳು, ನನಗೆಲ್ಲಿ ಗ್ರಾಚ್ಯುಟಿ’ ಅಂತ ಸುಮ್ನೆ ಬಿಟ್ಟು ಬರುವವರಿದ್ದಾರೆ. ಅಯ್ಯೋ, ಬಿಡಬೇಡಿ! ವೀಸಾ ಯಾರದ್ದೇ ಆಗಲಿ, ಕೆಲಸ ಮಾಡಿದವರು ನೀವಲ್ವಾ? ನಿಮ್ಮ ಹಕ್ಕು ಉಳಿದವರಷ್ಟೇ.

ನೋಟಿಸ್ ಅವಧಿ ಕರಾರಿನಲ್ಲಿ 30ರಿಂದ 90 ದಿನದ ನಡುವೆ ಬರೆದಿರುತ್ತದೆ. ರಜೆಗೆ ಅಂತ ಊರಿಗೆ ಬಂದು ಹಾಗೇ ಉಳಿದುಬಿಡೋಣ ಅನ್ನುವ ಯೋಚನೆ ಬೇಡ. ಹೇಳದೆ ಕೇಳದೆ ಬಿಟ್ಟರೆ ಒಂದು ವರ್ಷ ಅಲ್ಲಿ ಬೇರೆ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಪಾಸ್‌ಪೋರ್ಟನ್ನಾಗಲಿ ಡಿಗ್ರಿಯ ಮೂಲ ಸರ್ಟಿಫಿಕೇಟನ್ನಾಗಲಿ ಶಾಲೆಯವರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ.

ಅನುಭವ ಪತ್ರ ಉಚಿತವಾಗಿ ಕೊಡುವುದು ಅವರ ಕರ್ತವ್ಯ. ಅದನ್ನು ತೆಗೆದುಕೊಳ್ಳುವಾಗ ಅಲ್ಲೇ ನಿಂತು ಓದಿ. ಸೇರಿದ ದಿನ, ಬಿಟ್ಟ ದಿನ, ಕಲಿಸಿದ ವಿಷಯ, ಯಾವ ತರಗತಿಗಳು, ಎಲ್ಲ ಇರಲಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರಲಿ. ನಮ್ಮವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಅನುಭವ ಪತ್ರದಲ್ಲಿ ಗಂಡನ ಹೆಸರು, ಹೀಗೆ ಮೂರು ಕಾಗದದಲ್ಲಿ ಮೂರು ಜನ ಆಗಿಬಿಡುತ್ತಾರೆ. ಇಲ್ಲಿ ಬಂದು ಕೆಲಸಕ್ಕೆ ಅರ್ಜಿ ಹಾಕಿದಾಗ ಅಫಿಡವಿಟ್ ಮಾಡಿಸುತ್ತಾ ತಿರುಗಬೇಕು. ಆ ಪತ್ರಕ್ಕೂ ಮಕ್ಕಳ ಟಿಸಿಗೂ ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕಾಗುವುದಿದ್ದರೆ ಹೊರಡುವ ಮೊದಲೇ ಹಾಕಿಸಿ. ಊರಿಗೆ ಬಂದ ಮೇಲೆ ಏಜೆಂಟರ ಕೈಗೆ ಬಿದ್ದರೆ ದುಡ್ಡೂ ಹೋಗುತ್ತದೆ, ದಿನಗಳೂ ಹೋಗುತ್ತವೆ.

ಬ್ಯಾಂಕಿನ ಕೆಲಸ ಬೇಗ ಮುಗಿಸಿ. ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಕೊನೆಯ ಸಂಬಳ ಬಿದ್ದ ತಕ್ಷಣ ಖಾತೆ ತಡೆಹಿಡಿಯುವುದುಂಟು. ತೀರಿಸಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ. ಇತ್ತ ಊರಿನ ಬ್ಯಾಂಕಿನಲ್ಲಿ ಹೊರದೇಶದಲ್ಲಿರುವವರಿಗೆಂದೇ ಇರುವ ಎನ್‌ಆರ್‌ಇ ಖಾತೆಯನ್ನು, ನೀವು ಕಾಯಂ ಆಗಿ ವಾಪಸ್ ಬಂದ ಮೇಲೆ, ರೆಸಿಡೆಂಟ್ ಖಾತೆಗೆ ಬದಲಾಯಿಸಬೇಕು.

ಶಾಲೆಯವರು ದುಡ್ಡು ಕೊಡದಿದ್ದರೆ? ಮೊದಲು ಈಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಅಲ್ಲ. ಆಗಲೂ ಕೊಡದಿದ್ದರೆ ಅಲ್ಲಿನ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು, ಅವರ ಆ್ಯಪ್‌ನಲ್ಲೇ ಆಗುತ್ತದೆ. 2024ರಿಂದ 50 ಸಾವಿರ ದಿರ್ಹಮ್‌ವರೆಗಿನ ತಕರಾರುಗಳನ್ನು ಸಚಿವಾಲಯವೇ ತೀರ್ಮಾನಿಸುತ್ತದೆ, ಹಾಗಾಗಿ ಹೆಚ್ಚಿನ ಟೀಚರುಗಳ ಲೆಕ್ಕ ಅಲ್ಲೇ ಮುಗಿಯುತ್ತದೆ. ಕೆಲಸ ಮುಗಿದು ಎರಡು ವರ್ಷದೊಳಗೆ ಕೇಳಬೇಕು. ಇಲ್ಲಿಂದ ಕೂತು ಹೋರಾಡುವುದು ಮಾತ್ರ ಕಷ್ಟ, ಆದ್ದರಿಂದ ತಕರಾರು ಇದ್ದರೆ ವಿಮಾನ ಹತ್ತುವ ಮೊದಲೇ ದೂರು ದಾಖಲಾಗಲಿ. ಯಾರನ್ನು ಕೇಳುವುದು ಅಂತ ಗೊತ್ತಾಗದವರು ದುಬೈನ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ. ಯುಎಇ ಒಳಗಿನಿಂದ ಉಚಿತ. ನಂಬರು 800 46342, ಇನ್ನೊಮ್ಮೆ ಹೇಳುತ್ತೇನೆ, 800 46342.

ನಮಸ್ಕಾರ.